ಹಾಜರಿಯಲ್ಲಿಲ್ಲದ ಇಪ್ಪತ್ತನೆಯ ಹೆಸರು

ತಿಕೋಟಾ, ಬುಧವಾರ

ಪೀರಾಂಬಿ ಅವ್ವನಿಗೆ, ಎದುರು ಬಂದು ನಿಲ್ಲುವ ಧೈರ್ಯವಿಲ್ಲದ ಮಹಾನಂದಾಳ ನಮಸ್ಕಾರ.

ನಿಮ್ಮ ಮಗಳು ಸುರೈಯಾ ಇದನ್ನು ಓದಿ ಹೇಳುತ್ತಿರಬಹುದು. ನೀವು ನಡುವೆ ಎದ್ದು ಹೋದರೂ ಓದುವುದನ್ನು ನಿಲ್ಲಿಸಬೇಡ ಎಂದು ಅವಳನ್ನು ಕೇಳಿಕೊಂಡಿದ್ದೇನೆ. ಇಟ್ಟಂಗಿಹಾಳದ ನಿಮ್ಮ ಮನೆಯ ತನಕ ಎರಡು ಸಲ ಬಂದೆ. ಎರಡು ಸಲವೂ ಬಾಗಿಲು ಬಡಿಯದೆ ತಿರುಗಿದೆ.

ಒಣದ್ರಾಕ್ಷಿ ಆರಿಸುವ ಈ ಶೆಡ್ ಹಾಕಿದಾಗ ನನಗೆ ಕೆಲಸವೇ ಗೊತ್ತಿರಲಿಲ್ಲ. ಬಬಲೇಶ್ವರದ ತೋಟಗಳಿಂದ ಮೊದಲ ಮಾಲು ಬಂದ ದಿನ ನೀವು ಒಂದು ಹಿಡಿ ತೆಗೆದುಕೊಂಡು ಹಿಚುಕಿ ನೋಡಿ, "ಇನ್ನಾ ಹಸಿ ಐತಿ ನೋಡವಾ, ಡಬ್ಬಿ ಕಟ್ಟಿದ್ರ ಕೆಡತೈತಿ" ಅಂದಿರಿ. ಅಂದು ಆ ಮಾಲು ಉಳಿದದ್ದು ನಿಮ್ಮಿಂದ.

ಆದರೂ ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತೇ ಹೆಸರು. ಇಪ್ಪತ್ತು ಮುಟ್ಟಿದರೆ ಎಲ್ಲರಿಗೂ ಪಿ.ಎಫ್. ಕಟ್ಟಬೇಕು, ಕಾಗದಪತ್ರ ಹೆಚ್ಚುತ್ತದೆ ಎಂದು ನಿಮ್ಮೊಬ್ಬರನ್ನು ಹೊರಗಿಟ್ಟೆ. "ಮುಂದಿನ ಹಂಗಾಮಿಗೆ ಬರಿತೀನಿ ಅವ್ವಾ" ಎಂದು ಆರು ವರ್ಷ ಹೇಳಿದೆ. ನೀವು ಪ್ರತಿ ಸಲವೂ, "ಆಗಲಿ ಬಿಡವಾ, ನಾ ಎಲ್ಲಿ ಓಡಿ ಹೋಗ್ತೀನಿ" ಅನ್ನುತ್ತಿದ್ದಿರಿ.

ಈ ವರ್ಷ ಹೊಸ ಯಂತ್ರಕ್ಕೆ ಸರ್ಕಾರದ ಸಹಾಯಧನ ಕೇಳಿದೆ. ಅದಕ್ಕೆ ಇಪ್ಪತ್ತು ಮಂದಿಗಾದರೂ ಕೆಲಸ ಕೊಟ್ಟಿರಬೇಕು ಎಂಬ ನಿಯಮವಿತ್ತು. ಆ ಅರ್ಜಿಯಲ್ಲಿ ಮಾತ್ರ ನಿಮ್ಮನ್ನೂ ಸೇರಿಸಿ ಇಪ್ಪತ್ತು ಎಂದು ಬರೆದೆ. ಅರ್ಜಿ, ಹಾಜರಿ ಎರಡೂ ಕಾಗದ ಹಿಡಿದುಕೊಂಡು ವಿಜಯಪುರದ ಕಚೇರಿಯಿಂದ ಅಧಿಕಾರಿ ವಿಶಾಖಾ ಮೇಡಂ ತಪಾಸಣೆಗೆ ಬಂದರು. ಒಬ್ಬೊಬ್ಬರನ್ನೇ ಎಣಿಸಿ ನಿಮ್ಮ ಮುಂದೆ ನಿಂತು, "ಇವರ ಹೆಸರು ಹಾಜರಿಯೊಳಗ ಯಾಕ ಇಲ್ರಿ?" ಎಂದು ಕೇಳಿದರು.

ಆರು ವರ್ಷದ ಪಿ.ಎಫ್. ತಲೆಗೆ ಬರುತ್ತದೆ ಎಂಬ ಹೆದರಿಕೆಗೆ, ಅರ್ಜಿಯಲ್ಲಿ ಬರೆದದ್ದನ್ನೂ ಮರೆತು, ನನ್ನ ಬಾಯಿಂದ ಬಂದದ್ದು ಇದು: "ಅವರು ಕೆಲಸದವರಲ್ರಿ. ಪರಿಚಯದವರು, ಸುಮ್ನ ಮಾತಾಡ್ಸಾಕ ಬಂದಾರ."

ನಿಮ್ಮ ಬೆರಳಿಗೆ ದ್ರಾಕ್ಷಿಯ ಅಂಟು ಇನ್ನೂ ಹಾಗೇ ಇತ್ತು. ಸೆರಗಿಗೆ ಒರೆಸಿಕೊಂಡು ಎದ್ದಿರಿ. "ಹೌದ್ರಿ, ಮಾತಾಡ್ಸಿದ್ದಾತು. ಬರ್ತೀನ್ರಿ, ಮಹಾನಂದಾ ಅವರ" ಎಂದು ಹೊರಟುಹೋದಿರಿ. ನೀವು ನನಗೆ 'ರಿ' ಹಚ್ಚಿ ಮಾತಾಡಿದ್ದು ಅದೇ ಮೊದಲು. ಮರುದಿನ ನೀವು ಬರಲಿಲ್ಲ, ಆಮೇಲೂ ಬರಲಿಲ್ಲ.

ಮೊನ್ನೆ ಸೋಮವಾರ ವಿಜಯಪುರಕ್ಕೆ ಹೋಗಿ ಮೇಡಂ ಮುಂದೆ ನಿಜ ಹೇಳಿದೆ. ಅವರು ಬೈಯಲಿಲ್ಲ. "ಬರದು ಕೊಡ್ರಿ" ಅಂದರು, ಬರೆದು ಕೊಟ್ಟೆ. ಇನ್ನು ಸಹಾಯಧನ ನಿಲ್ಲುವುದೋ, ದಂಡ ಬೀಳುವುದೋ, ಶೆಡ್ಡಿಗೇ ಬೀಗ ಬೀಳುವುದೋ ತಿಳಿಯದು. ರಾಚವ್ವ ನಿನ್ನೆ ಕೆಲಸದವರೆಲ್ಲರ ಪರವಾಗಿ ಬಂದು, "ಮುಚ್ಚೋದಿದ್ರ ಈಗ ಹೇಳಿಬಿಡ್ರಿ ಅಕ್ಕಾರ, ಬ್ಯಾರೆ ಕಡೆ ಕೆಲಸ ಕೇಳ್ತೀವಿ" ಅಂದಳು. ಶೆಡ್ಡಿನ ಮುಂದಿನ ಅಥಣಿ ರಸ್ತೆಯಲ್ಲಿ ಯಾವ ಜೀಪು ನಿಧಾನವಾದರೂ, ಬೀಗ ಹಾಕಲು ಬಂದರೆಂದು ಎಲ್ಲರ ಕೈಯೊಳಗಿನ ಕೆಲಸ ನಿಲ್ಲುತ್ತದೆ.

ಈ ಪತ್ರದ ಜೊತೆ ಇನ್ನೊಂದು ಹಾಳೆ ಇಟ್ಟಿದ್ದೇನೆ. ಆರು ವರ್ಷ ನೀವು ಇಲ್ಲಿ ದುಡಿದಿರಿ, ಬೇಕೆಂದೇ ನಿಮ್ಮ ಹೆಸರು ಬರೆಯಲಿಲ್ಲ ಎಂದು ಅದರಲ್ಲಿದೆ. ಕೆಳಗೆ ನನ್ನ ಸಹಿಯಿದೆ. ನಿಮಗೆ ಬರಬೇಕಾದದ್ದನ್ನು ಕೇಳಲು ಅದನ್ನು ಯಾವ ಕಚೇರಿಗೆ ಬೇಕಾದರೂ ಕೊಡಿ. ತಿರುಗಿ ಬನ್ನಿ ಎನ್ನುವ ಮುಖ ನನಗಿಲ್ಲ. ಆದರೆ ನನ್ನನ್ನು ಉಳಿಸಲು ಹೋಗಿ ಆ ಹಾಳೆಯನ್ನು ಒಲೆಗೆ ಹಾಕಬೇಡಿ. ನೀವು ಹಾಗೆ ಮಾಡುವವರೇ ಎಂದು ನನಗೆ ಗೊತ್ತು. ಈಗ ನನ್ನನ್ನು ಹೆದರಿಸುತ್ತಿರುವುದು ಅದೇ.

ದೇವರು ನಿಮ್ಮ ಮೊಣಕಾಲಿನ ನೋವು ಇಳಿಸಲಿ, ನಿಮ್ಮನ್ನು ಸುಖವಾಗಿಡಲಿ.

ತಪ್ಪು ಮಾಡಿದ ನಿಮ್ಮ
ಮಹಾನಂದಾ