ಡೋರ್ ಪ್ಯಾಡಿನ ಹಿಂದೆ ಸಿಕ್ಕಿದ್ದು

ಮನೆ, ಕಾರ್ ಷೆಡ್ಡಿನ ಮೆಟ್ಟಿಲು
ಭಾನುವಾರ, ಮಾರ್ಚ್ ೧೪

ಪ್ರೀತಿಯ ಅಪ್ಪಾ,

“ಬಿಸಿಲು ಕಂಡ ಪ್ಲಾಸ್ಟಿಕ್ಕನ್ನು ನಂಬಬೇಡ” ಎನ್ನುತ್ತಿದ್ದಿರೋ, “ಬಿಸಿಲು ತೋರಿಸದೆ ಪ್ಲಾಸ್ಟಿಕ್ಕನ್ನು ಮುಟ್ಟಬೇಡ” ಎನ್ನುತ್ತಿದ್ದಿರೋ? ನಿನ್ನೆ ಬೆಳಿಗ್ಗೆ ಈ ಸಾಲು ಅರ್ಧ ನೆನಪಾಗಿ ಇನ್ನರ್ಧ ಕೈಕೊಟ್ಟಿತು. ಒಂದರಲ್ಲಿ ಬಿಸಿಲು ಶತ್ರು, ಇನ್ನೊಂದರಲ್ಲಿ ಮಿತ್ರ. ಕವಿತೆಯಾಗಿದ್ದರೆ ಎರಡೂ ಸರಿ ಎಂದು ಪುಟ ತಿರುಗಿಸುತ್ತಿದ್ದೆ. ನಿಮ್ಮ ಕಾರಿನ ಬಾಗಿಲ ಮುಂದೆ ಮರದ ಸೌಟು ಹಿಡಿದು ಮಂಡಿಯೂರಿ ಕೂತವಳಿಗೆ ಆ ಸೌಕರ್ಯವಿರಲಿಲ್ಲ.

ಅದಿರಲಿ, ಆಪರೇಷನ್ ಆದ ಸೊಂಟ ಹೇಗಿದೆ? ನೋವಿಲ್ಲದೆ ಮಗ್ಗುಲು ಬದಲಿಸುವಂತಾಯಿತೇ? ಅಣ್ಣನ ಮನೆಯಲ್ಲಿ ಕೋಲು ಹಿಡಿಯದೆ ಬಚ್ಚಲಿಗೆ ಹೋಗಿಬಂದಿರಂತೆ, ಅವನೇ ದೂರು ಹೇಳಿದ. ಕಾಲೆತ್ತುವ ವ್ಯಾಯಾಮದಲ್ಲಿ ಎಂಟಾದ ಮೇಲೆ ನೇರ ಹನ್ನೆರಡಕ್ಕೆ ಹಾರುತ್ತೀರಂತೆ. ನಲವತ್ತು ವರ್ಷ ಲೇತ್ ಕೆಲಸ ಕಲಿಸಿದ ಮೇಷ್ಟ್ರು ಹೀಗೆ ಅಳತೆ ತಪ್ಪಿಸಬಹುದೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಅಣ್ಣ ಸ್ಪೀಕರ್ ಹಾಕುತ್ತಾನೆ, ಅವನ ಕಿವಿಗೆ ಬೀಳಬಾರದ ಸಂಗತಿಯೊಂದು ಇದರಲ್ಲಿದೆ. ಒಬ್ಬರೇ ಕೂತು ಓದಿ.

ಮುಂದಿನ ಭಾನುವಾರ ನಿಮ್ಮನ್ನು ಕರೆತರುವುದೆಂದು ಗೊತ್ತಾದ ದಿನವೇ ಡ್ರೈವರ್ ಕಡೆಯ ಗಾಜು ದಡಕ್ಕನೆ ಬಾಗಿಲೊಳಗೆ ಇಳಿದುಹೋಯಿತಲ್ಲ. ಹಿಡಿ ತಿರುಗುತ್ತದೆ, ಗಾಜು ಮಾತ್ರ ಏಳದು. ಅಣ್ಣನಿಗೆ ಅಷ್ಟೇ ಸಾಕಾಯಿತು. ಕಾರನ್ನು ಗುಜರಿಗೆ ಹಾಕು, ಅಪ್ಪನನ್ನು ಟ್ಯಾಕ್ಸಿಯಲ್ಲಿ ಕಳಿಸುತ್ತೇನೆ ಎಂದ. ಫೋನಿನಲ್ಲಿ ಅವನ ಹಿಂದಿನಿಂದ ನೀವು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: “ಬಂದ್ರೆ ನನ್ನ ಕಾರಲ್ಲೇ. ಇಲ್ಲಾಂದ್ರೆ ಇಲ್ಲೇ ಬಿದ್ದಿರ್ತೀನಿ.” ನಿಮ್ಮ ಹಟ ನನಗೆ ಗೊತ್ತಿಲ್ಲವೇ? ಮೆಕ್ಯಾನಿಕ್ಕನನ್ನು ಕರೆಸಿದೆ. ಗಾಜು ಸರಿಮಾಡಬೇಕಾದರೆ ಬಾಗಿಲ ಒಳಮೈಯ ಪ್ಲಾಸ್ಟಿಕ್ ಹೊದಿಕೆಯನ್ನು, ಅವರು ಡೋರ್ ಪ್ಯಾಡ್ ಎನ್ನುತ್ತಾರಲ್ಲ, ಅದನ್ನು ಬಿಚ್ಚಬೇಕಂತೆ. ಬೆರಳ ತುದಿಯಿಂದ ಒಮ್ಮೆ ಒತ್ತಿ ನೋಡಿ, ಇದು ಮೊಟ್ಟೆ ಚಿಪ್ಪು ಅಕ್ಕಾ, ಒಡೆದರೆ ಬೇರೆ ಸಿಗಲ್ಲ, ನಾನು ಕೈ ಹಾಕಲ್ಲ ಎಂದು ಹೊರಟೇ ಹೋದ.

ಹಾಗಾಗಿ ನಾನೇ ಸೆರಗು ಸಿಕ್ಕಿಸಿದೆ. ಕಾರನ್ನು ತಳ್ಳಿ ಒಂದು ಗಂಟೆ ಬಿಸಿಲಿಗೆ ನಿಲ್ಲಿಸಿದೆವು. ವರ್ಷಗಟ್ಟಲೆ ಬಿಸಿಲು ಕುಡಿದು ಪೆಡಸಾದದ್ದೇ ಒಂದು ಗಂಟೆಯ ಬಿಸಿಲಿಗೆ ತುಸು ಮೆತ್ತಗಾಯಿತು. ಎರಡು ಸಾಲೂ ನಿಮ್ಮವೇ ಇರಬೇಕು. ನೆರಳಲ್ಲಿ ಉಳಿದ ಮೂಲೆಗೆ ನಿಮ್ಮ ಅಳಿಯ ಹೇರ್ ಡ್ರೈಯರ್ ಹಿಡಿದರು. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ನನ್ನ ಕೂದಲಿಗೆ ಒಮ್ಮೆಯೂ ಹಿಡಿಯದವರು ಕಾರಿಗೆ ಅರ್ಧ ಗಂಟೆ ಹಿಡಿದರು, ಅದೂ ‘ತುಂಬಾ ಬಿಸಿ ಆಯ್ತಾ’ ಎಂದು ಕಾರನ್ನೇ ವಿಚಾರಿಸಿಕೊಳ್ಳುತ್ತ. ಗಾಜಿನ ಹಿಡಿಯ ಹಿಂದೆ ಬಟ್ಟೆ ತೂರಿಸಿ ಅತ್ತಿತ್ತ ಎಳೆದರೆ ತಂತಿಯ ಕ್ಲಿಪ್ ಕಳಚಿ ಬರುತ್ತದೆಂದು ನೀವು ತೋರಿಸಿಕೊಟ್ಟದ್ದು ನೆನಪಿತ್ತು. ಕಳಚಿತು, ಹಾರಿ ಅವರ ಕಾಲರಿನೊಳಗೆ ಬಿತ್ತು. ಸ್ಕ್ರೂಗಳನ್ನೆಲ್ಲ ನಿಮ್ಮ ಮಾತ್ರೆ ಡಬ್ಬಿಯಲ್ಲಿ ಹಾಕಿಟ್ಟೆ: ಮೇಲಿನವು ಬೆಳಿಗ್ಗೆಗೆ, ಕೈಹಿಡಿಯವು ಮಧ್ಯಾಹ್ನಕ್ಕೆ, ಕೆಳಗಿನವು ರಾತ್ರಿಗೆ.

ಆಮೇಲೆ ಸೌಟಿನ ತುದಿಗೆ ಹಳೆಯ ಬನಿಯನ್ ಸುತ್ತಿ, ಪ್ರತಿ ಕ್ಲಿಪ್ಪಿನ ಬುಡಕ್ಕೇ ತೂರಿಸಿ, ಕೆಳಗಿನಿಂದ ಒಂದೊಂದಾಗಿ ಎಬ್ಬಿಸಿದೆ. ಒಂದೊಂದು ಟಪ್ ಎಂದಾಗಲೂ ಬಿರುಕು ಬಿಟ್ಟಿತೇ ಎಂದು ಬಗ್ಗಿ ನೋಡಿದೆ. ಏಳು ಬಂದವು. ಕೈಹಿಡಿಯ ಕೆಳಗಿನ ಮೂಲೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಒಂದೇ ಏಟಿಗೆ ಎಳೆದುಬಿಡು ಎಂದರು ನಿಮ್ಮ ಅಳಿಯ. ಎಳೆಯಲು ಕೈ ಇಟ್ಟಿದ್ದೆ, ಪ್ಲಾಸ್ಟಿಕ್ ಕರಕರ ಎಂದದ್ದೂ ಆಯಿತು, ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆಯ ಹಲ್ಲಿನ ಡಾಕ್ಟರಮ್ಮನ ದನಿ: “ಕೈ ತೆಗಿ ಮೊದಲು. ಬರದೇ ಇರೋದನ್ನ ಎಳೀಬಾರದು, ಯಾಕೆ ಬರ್ತಿಲ್ಲ ಅಂತ ನೋಡ್ಬೇಕು.” ಬಾಯೊಳಗೆ ಬಿಡುವ ಪುಟ್ಟ ಕನ್ನಡಿ ತಂದು ಸಂದಿಗೆ ಇಳಿಸಿದರು. ಟಾರ್ಚ್ ಹಿಡಿಯಲು ಹೇಳಿ ಬಹಳ ಹೊತ್ತು ನೋಡಿ, ಇಲ್ಲಿ ಯಾರೋ ಹಿಂದೆಯೇ ಕೈಯಾಡಿಸಿದ್ದಾರೆ, ಹುಳುಕು ಹಲ್ಲಿನ ತೂತಿನ ಹಾಗೆ ಗುಟ್ಟಾಗಿ ತುಂಬಿಸಿದ್ದಾರೆ ಎಂದರು.

ಅಪ್ಪಾ, ಅಲ್ಲಿ ಸೈಕಲ್ ಟ್ಯೂಬಿನ ಒಂದು ಬಿಲ್ಲೆ ಅಂಟಿಸಿತ್ತು, ಅದರಡಿ ಮರಕ್ಕೆ ಹಾಕುವ ಒಂದು ಸ್ಕ್ರೂ. ಅದನ್ನು ಬಿಚ್ಚಿದೊಡನೆ ಪ್ಯಾಡು ಸಾಧು ಹಸುವಿನಂತೆ ಕೈಗೆ ಬಂತು. ಹಿಂಬದಿಯಲ್ಲಿ ಕ್ಲಿಪ್ ಕೂರುವ ಮೂರು ಜಾಗ ಮುರಿದು, ಅಂಟು ಹಾಕಿ, ತಂತಿ ಬಿಗಿದದ್ದು ಕಂಡಿತು. ಯಾವುದೋ ಗ್ಯಾರೇಜಿನವನ ಕೆಲಸವೆಂದು ವಾದಿಸಬೇಡಿ. ಯಾರಿಗೂ ಕಾಣದ ಸ್ಕ್ರೂವಿನ ತುದಿಯನ್ನೂ ಅರದಿಂದ ಉಜ್ಜಿ ನಯಮಾಡುವವರು ಭೂಮಿಯ ಮೇಲೆ ಒಬ್ಬರೇ. ‘ಮೂವತ್ತು ವರ್ಷ, ಒಂದು ಕ್ಲಿಪ್ ಮುರಿದಿಲ್ಲ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದವರೂ ಅವರೇ. ಹದಿನೆಂಟನೇ ವಯಸ್ಸಿನಲ್ಲಿ ನಾನು ಗ್ಲೋವ್ ಬಾಕ್ಸಿನ ಮುಚ್ಚಳ ಮುರಿದದ್ದಕ್ಕೆ ಒಂದು ವಾರ ಮಾತು ಬಿಟ್ಟವರೂ ಅವರೇ. ನಾನು ಷೆಡ್ಡಿನಲ್ಲೇ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ, ನೀವು ಒಬ್ಬರೇ ಬಾಗಿಲು ಹಾಕಿಕೊಂಡು ಆ ಬಿಲ್ಲೆ ಅಂಟಿಸಿದ ಮಧ್ಯಾಹ್ನವನ್ನು ಊಹಿಸಿಕೊಂಡೆ. ನಗು ಅಲ್ಲಿಗೆ ನಿಂತಿತು.

ಗಾಜು ತನ್ನ ಪಟ್ಟಿಯಿಂದ ಜಾರಿತ್ತು, ಅಷ್ಟೇ, ರಬ್ಬರು ಸವೆದಿತ್ತು. ಹೊಸ ರಬ್ಬರು ಕೂರಿಸಿದೆವು, ಈಗ ಏರುತ್ತದೆ, ಇಳಿಯುತ್ತದೆ. ನನ್ನ ಕೈಯಲ್ಲಿ ಒಂದು ಕ್ಲಿಪ್ ಮುರಿಯಿತು, ಮುಚ್ಚಿಡದೆ ತಿಳಿಸಿದ್ದೇನೆ. ನಿಮ್ಮ ಸ್ಕ್ರೂ, ನಿಮ್ಮ ಬಿಲ್ಲೆ ಇದ್ದಲ್ಲೇ ಇವೆ.

ಅಣ್ಣನಿಗೆ, ಅತ್ತಿಗೆಗೆ ಕೇಳಿದೆನೆಂದು ಹೇಳಿ. ಒಂಬತ್ತು, ಹತ್ತು, ಹನ್ನೊಂದನ್ನು ಬಿಡದೆ ಕಾಲೆತ್ತಿ.

ಇಂತು ನಿಮ್ಮ, ಮುಚ್ಚಳ ಮುರಿದ ಮಗಳು

ತಾ.ಕ.: ಇದನ್ನು ಬರೆಯಲು ಮೂರು ಹಾಳೆ ಹರಿದೆ. ಬ್ರೇಕ್ ಒತ್ತುವ ಕಾಲಿಗೆ ಮೊದಲಿನ ಬಲ ಬರುವುದಿಲ್ಲ, ಇನ್ನು ನೀವು ಕಾರು ಓಡಿಸಕೂಡದು ಎಂದು ಸೊಂಟದ ಡಾಕ್ಟರು ಹೇಳಿದ್ದಾರೆ. ನಿಮಗೆ ಹೇಳಲು ಧೈರ್ಯ ಸಾಲದೆ ಅಣ್ಣ ನನ್ನ ತಲೆಗೆ ಕಟ್ಟಿದ. ಭಾನುವಾರ ನಿಮ್ಮ ಕಾರೇ ಬರುತ್ತದೆ, ಓಡಿಸುವವಳು ನಾನು, ನೀವು ಪಕ್ಕದಲ್ಲಿ. ಒಪ್ಪಿ ಹತ್ತಿದರೆ ಆ ಮೂರು ಕ್ಲಿಪ್ಪಿನ ವಿಷಯ ಅಣ್ಣನವರೆಗೆ ಹೋಗುವುದಿಲ್ಲ. ಒಪ್ಪದಿದ್ದರೆ ಏನು ಮಾಡಲಿ ಎಂದು ಪೆನ್ನು ಕಚ್ಚುತ್ತ ಕೂತಿದ್ದಾಗ ಡಾಕ್ಟರಮ್ಮ ಪೇಪರ್ ಕೇಳಿಕೊಂಡು ಬಂದರು. ವಿಷಯ ಹೇಳಿದೆ. ಬಾಗಿಲಲ್ಲೇ ನಿಂತು ಅಂದರು: “ಓಡಿಸೋ ಸೀಟು ಹೋದ್ರೇನಂತೆ, ಬಯ್ಯೋ ಸೀಟು ಖಾಲಿ ಇದೆ ಅಂತ ಬರಿ.”