ಎಲ್ಲರ ಡಿಸ್ಕ್

೧೪ ಅಕ್ಟೋಬರ್ ೨೦೦೮, ಮಂಗಳವಾರ

ನಮ್ಮ ವಿಭಾಗದ ಶಿವಮಲ್ಲಪ್ಪನವರು ಅತ್ತದ್ದು ಕಣ್ಣೆದುರಿನಿಂದ ಹೋಗುತ್ತಿಲ್ಲ. ಐವತ್ತು ದಾಟಿದ ಗಂಡಸು ಮ್ಯಾನೇಜರ್ ಮುಂದೆ ಹಾಗೆ ಮೂಗೊರೆಸಿಕೊಳ್ಳುವುದೇ? ಅಸಹ್ಯ.

ಆಫೀಸಿನ ಸರ್ವರ್‌ಗಳಿಗೆಲ್ಲ ಒಂದೇ ಸ್ಟೋರೇಜ್, ಎಲ್ಲಕ್ಕೂ ಸೇರಿದ ಒಂದು ದೊಡ್ಡ ಡಿಸ್ಕ್, ಜೋಡಿಸಿದವನು ನಾನು. ಒಂದು ಸರ್ವರ್ ಕೆಟ್ಟರೆ ಅದರ ಕೆಲಸವನ್ನು ಇನ್ನೊಂದು ಎತ್ತಿಕೊಳ್ಳಬೇಕು. ಯಾವುದಕ್ಕೂ ಸ್ವಂತ ಆಸ್ತಿಯಿಲ್ಲ. ಹಾಗಿರುವಾಗ ಪಾಸ್‌ವರ್ಡ್ ಮಾತ್ರ ಒಬ್ಬನ ಜೇಬಿನಲ್ಲೇಕೆ? ನಮ್ಮ ವಿಭಾಗದ ಎಲ್ಲರಿಗೂ ಪೂರ್ತಿ ಅಧಿಕಾರ ಕೊಟ್ಟೆ.

“ನಂಗ್ಯಾಕಪ್ಪ ಇದು, ಗಗನ? ತಿಳೀದೆ ಏನಾರ ಮಾಡ್ಬುಟ್ರೆ?” ಎಂದಿದ್ದರು ಶಿವಮಲ್ಲಪ್ಪ. ಗುಲಾಮಬುದ್ಧಿ ಬಿಡಿ ಎಂದು ಎಲ್ಲರೆದುರು ನಕ್ಕಿದ್ದೆ.

ಇವತ್ತು ಅವರು ಹೊಸ ಸರ್ವರ್ ಸೇರಿಸಿದರು. ಅದು ನಮ್ಮ ಡಿಸ್ಕನ್ನು ಖಾಲಿಯೆಂದು ತಿಳಿದು, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಇವರು ಸರಿ ಎಂದು ಒತ್ತಿದರು. ಇಡೀ ಆಫೀಸಿನ ಕೆಲಸ ಅಳಿಸಿಹೋಯಿತು. ಬ್ಯಾಕಪ್ ಪ್ರತಿಯೂ ಅದೇ ಡಿಸ್ಕಿನಲ್ಲಿತ್ತು. ಅದನ್ನು ಅಲ್ಲಿಟ್ಟವನೂ ನಾನೇ.

ಒತ್ತಿದ್ದು ಯಾರು ಎಂದಷ್ಟೇ ಮ್ಯಾನೇಜರ್ ಕೇಳಿದರು. ಶಿವಮಲ್ಲಪ್ಪನವರನ್ನು ನಿಂತ ನಿಲುವಿನಲ್ಲೇ ಕೆಲಸದಿಂದ ತೆಗೆದರು. ನಾನು ಬಾಯಿ ಬಿಡಲಿಲ್ಲ. ಪಕ್ಕದ ಕುರ್ಚಿಯ ಶಿಲ್ಪಶ್ರೀ ಮೆಲ್ಲಗೆ, “ಎಲ್ಲಾ ಎಲ್ರುದು ಅಂತಿದ್ದಲ್ಲೋ, ಹೋಗು, ಬೈಗುಳನೂ ಹಂಚ್ಕೋ” ಎಂದಳು. ಅವಳಿಗೇನು ಗೊತ್ತು? ಎಲ್ಲವೂ ಎಲ್ಲರದಾಗಬೇಕೆಂಬ ನಾಳಿನ ಹೋರಾಟಕ್ಕೆ ನಾನು ಬೇಕು. ಶಿವಮಲ್ಲಪ್ಪ ಯಾವುದಕ್ಕೂ ಬೇಡ.

ಹೊರಡುವಾಗ ಅವರು ನನ್ನ ಭುಜ ತಟ್ಟಿ, “ನೀನು ಒಳ್ಳೇದಕ್ಕೇ ಮಾಡ್ದೆ ಕಣಪ್ಪ” ಎಂದರು. ಬೈದಿದ್ದರೆ ಮರೆಯುತ್ತಿದ್ದೆ. ಇದಕ್ಕಾಗಿ ಅವರನ್ನು ಕ್ಷಮಿಸಲಾರೆ.

ಸಂಜೆ ಉಳಿದವರೆಲ್ಲರ ಅಧಿಕಾರ ತೆಗೆದುಹಾಕಿದೆ. ಜನ ಇನ್ನೂ ಸಿದ್ಧರಾಗಿಲ್ಲ. ಅವರು ಸಿದ್ಧರಾಗುವವರೆಗೆ ಪಾಸ್‌ವರ್ಡ್ ನನ್ನೊಬ್ಬನ ಹತ್ತಿರವೇ ಇರಲಿ.