ರಿಪೇರಿಯ ಮುಂದೆ ಎಳೆದ ಗೆರೆ

ಪ್ರೀತಿಯ ಮಿಂಚುಹುಳವೇ,

ನಿನ್ನ ಸೋದರಮಾವನ ಆಶೀರ್ವಾದ. ಶನಿವಾರ ನೀನು ಕಾರಿಗೆ ಮುಂಗಡ ಕಟ್ಟಲು ಹೋಗುವ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ಅದಕ್ಕೇ ಮಂಗಳವಾರವೇ ಬರೆಯಲು ಕೂತಿದ್ದೇನೆ. ಫೋನ್ ಮಾಡಬಹುದಿತ್ತು. ಮಾಡಿದೆ ಕೂಡ. ನೀನು "ಏನ್ ಮಾವ?" ಅಂದ ಕೂಡಲೇ ಬಿಸಿಲು ಜಾಸ್ತಿ ಅಂತ ಏನೋ ಹೇಳಿ ಇಟ್ಟುಬಿಟ್ಟೆ. ಕೆಲವು ಮಾತು ನನಗೆ ಬಾಯಲ್ಲಿ ಬರುವುದಿಲ್ಲ, ಪೆನ್ನಿನಲ್ಲಿ ತೆವಳಿಕೊಂಡಾದರೂ ಬರುತ್ತವೆ. ಅಕ್ಷರ ಸೊಟ್ಟಗಿವೆ ಅಂತ ನಗಬೇಡ. ಅದರ ಕಾರಣವೂ ಮುಂದೆ ಬರುತ್ತದೆ.

ಮೊದಲು ಮುಖ್ಯವಾದದ್ದು. ಮೊನ್ನೆ ಭಾನುವಾರ ಪೆಟ್ರೋಲ್ ಕಾರನ್ನೇ ತಗೋ ಅಂದೆನಲ್ಲ, ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ನನ್ನ ಲೆಕ್ಕ ತಪ್ಪಿತ್ತು.

ನೀನು ಎರಡು ಶೋರೂಮಿನ ಎರಡು ಚೀಟಿ ತಂದು ಊಟದ ಮೇಜಿನ ಮೇಲೆ ಹರಡಿದ್ದೆ. ಎಲೆಕ್ಟ್ರಿಕ್ ಕಾರಿಗೆ ನಿನ್ನ ಎಂಟು ತಿಂಗಳ ಸಂಪಾದನೆಯಷ್ಟು ಬೆಲೆ ಹೆಚ್ಚು. ಮನೆಮನೆಗೆ ಹೋಗಿ, ಬಿದ್ದವರ, ಲಕ್ವ ಹೊಡೆದವರ ಕೈಕಾಲಿಗೆ ವ್ಯಾಯಾಮ ಮಾಡಿಸಿ ಕೂಡಿಟ್ಟ ಹಣ ಅದು. ಎರಡನೇ ಸಲ ಕೂಡಿಡುವಷ್ಟು ಪುರುಸೊತ್ತು ನಿನಗಿಲ್ಲ. ನಾನು ಹದಿನಾಲ್ಕು ವರ್ಷ ಬದುಕಿಸಿಟ್ಟ ನಿನ್ನ ಹಳೆಯ ಕಾರು ಈ ಸಲ ಏಳಲೇ ಇಲ್ಲ. "ನೀವು ಹೇಳಿದ್ದೇ ಕೊನೆ ಮಾತು ಮಾವ" ಅಂತ ನೀನು ಅಂದಾಗ ನನ್ನ ಎದೆ ಎರಡು ಅಂಗುಲ ಉಬ್ಬಿತು. ಕ್ಯಾಲೆಂಡರಿನ ಹಾಳೆ ಹರಿದು ಹಿಂಬದಿಯಲ್ಲಿ ಬರೆದೆ: ಬೆಲೆ, ಕಂತಿನ ಬಡ್ಡಿ, ವಿಮೆ, ದಿನಕ್ಕೆ ಎಪ್ಪತ್ತು ಕಿಲೋಮೀಟರಿಗೆ ಬೀಳುವ ಪೆಟ್ರೋಲು, ಅದೇ ದೂರಕ್ಕೆ ಬೀಳುವ ಕರೆಂಟು. ಪೆಟ್ರೋಲಿನಲ್ಲಿ ಉಳಿಯುವ ದುಡ್ಡು ಆ ಎಂಟು ತಿಂಗಳನ್ನು ತೀರಿಸಲು ಆರು ವರ್ಷ ಹಿಡಿಯುತ್ತದೆ ಅಂತ ಬಂತು. ಕಂತು ಮುಗಿಯುವುದೇ ಐದು ವರ್ಷಕ್ಕೆ. "ನೋಡು, ಕಣ್ಣೆದುರಿಗೇ ಇದೆ. ಅದೆಲ್ಲ ಶ್ರೀಮಂತರ ಆಟಿಕೆ" ಅಂದೆ. ನೀನು ತಲೆಯಾಡಿಸಿದೆ. ಚೀಟಿ ಮಡಚುವಾಗ ಎಲೆಕ್ಟ್ರಿಕ್ ಕಾರಿನ ಚೀಟಿಯನ್ನು ಸ್ವಲ್ಪ ನಿಧಾನವಾಗಿ ಮಡಚಿದೆ. ನಾನು ನೋಡಿಯೂ ನೋಡದವನ ಹಾಗಿದ್ದೆ.

ಸೋಮವಾರ ನಿನ್ನ ಅತ್ತೆ ಮೇಜು ಒರೆಸುವಾಗ ಆ ಹಾಳೆ ಸಿಕ್ಕಿತು. ಅವಳು ಮೂವತ್ತು ವರ್ಷ ಬಟ್ಟೆ ಹೊಲಿದವಳು. ಅಳತೆಯಲ್ಲಿ ತಪ್ಪಿದ್ದರೆ ಅವಳ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

"ರೀ, ರಿಪೇರಿ ಅಂತ ಬರೆದು ಮುಂದೆ ಬರೀ ಗೆರೆ ಎಳೆದಿದೀರಲ್ಲ, ಯಾಕೆ?"

"ರಿಪೇರಿಗೆ ಯಾರಾದ್ರೂ ದುಡ್ಡು ಕೊಡ್ತಾರೇನೆ? ನಾನಿಲ್ವಾ?"

ಅವಳು ಒರೆಸುವುದನ್ನು ನಿಲ್ಲಿಸಲಿಲ್ಲ. "ನೀವಿದೀರಿ. ನಿಮ್ಮ ಕೈ ಇದೆಯಾ?" ಅಂದಳು. ಆಮೇಲೆ, ಪಾಪ ಅನ್ನಿಸಿತೋ ಏನೋ, "ನಾನು ಹೊಲಿದ ಅಂಗಿಯ ಕೂಲಿಗೂ ನೀವು ಹೀಗೇ ಗೆರೆ ಎಳೀತಿದ್ರಿ, ಬಿಡಿ" ಅಂತ ಸೇರಿಸಿದಳು.

ಮಿಂಚುಹುಳವೇ, ನಮ್ಮ ಮನೆತನದಲ್ಲಿ ನಲವತ್ತು ವರ್ಷದಿಂದ ಯಾರೂ ಮೆಕ್ಯಾನಿಕ್‌ಗೆ ಕೂಲಿ ಕೊಟ್ಟಿಲ್ಲ. ನಿನ್ನ ಅಮ್ಮನ ಸ್ಕೂಟರು, ನಿನ್ನ ಚಿಕ್ಕಪ್ಪನ ವ್ಯಾನು, ಎಲ್ಲದಕ್ಕೂ ನಾನೇ. ಎಣ್ಣೆ, ಬೆಲ್ಟು, ಪ್ಲಗ್ಗು ಕೂಡ ನನ್ನ ಗ್ಯಾರೇಜಿನಿಂದಲೇ ಹೋಗುತ್ತಿದ್ದವು. ಹಾಗಾಗಿ ಪೆಟ್ರೋಲ್ ಗಾಡಿ ಅಗ್ಗ ಅಂತ ನಾವೆಲ್ಲ ನಂಬಿಕೊಂಡೆವು. ಗಾಡಿ ಅಗ್ಗವಾಗಿರಲಿಲ್ಲ, ಮಾವ ಅಗ್ಗವಾಗಿದ್ದ.

ಅವಳ ಮಾತು ಕೇಳಿ ಸಿಟ್ಟು ಬಂತು. ಶೆಡ್ಡಿಗೆ ಹೋಗಿ ನನ್ನ ಹಳೆಯ ಸ್ಕೂಟರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ, ಒರೆಸಿ, ಮತ್ತೆ ಹಾಕಲು ಹೊರಟೆ. ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದ ಕೆಲಸ. ಬೆರಳು ನಡುಗಿ ಪ್ಲಗ್ ಓರೆಯಾಗಿ ಕೂತಿತು. ನಾನು ಹಟಕ್ಕೆ ಬಿದ್ದು ತಿರುಗಿಸಿದೆ, ತಿರುಪಿನ ಥ್ರೆಡ್ ಕಿತ್ತುಹೋಯಿತು. ಹೊಸಬರು ಇದೇ ತಪ್ಪು ಮಾಡಿದಾಗ ನಾನು ಎಷ್ಟು ಬೈದಿದ್ದೇನೆ, ನಿನಗೆ ಗೊತ್ತು. ಮುರುಕು ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಕೈಯನ್ನೇ ನೋಡಿದೆ. ಈ ನಡುಕ ಇವತ್ತಿನದಲ್ಲ, ಒಂದು ವರ್ಷವಾಯಿತು. ನೀನು ಬಂದಾಗಲೆಲ್ಲ ನಾನು ಕಾರನ್ನು ಆಮೇಲೆ ನೋಡುತ್ತೇನೆ ಅಂದು ಬಲಗೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ನೀನು ಒಂದು ಮಾತೂ ಕೇಳದೆ, ಒಂದು ದಿನ ಹಿಸುಕುವ ರಬ್ಬರ್ ಚೆಂಡು ತಂದು ಟಿವಿಯ ಪಕ್ಕ ಇಟ್ಟು ಹೋದೆ. ಅದನ್ನು ನಾನು ಅಲುಗಾಡುವ ಮೇಜಿನ ಕಾಲಿನ ಅಡಿಗೆ ಕೊಟ್ಟಿದ್ದೆ. ಕ್ಷಮಿಸು.

ಇವತ್ತು ಬೆಳಿಗ್ಗೆ ನನ್ನ ಹಳೆಯ ಪಾಲುದಾರನ ಗ್ಯಾರೇಜಿಗೆ ಹೋದೆ. ದಿನಕ್ಕೆ ಎಪ್ಪತ್ತು ಕಿಲೋಮೀಟರ್ ಓಡುವ ಪೆಟ್ರೋಲ್ ಕಾರನ್ನು ಹೊರಗಿನವರು ಇಲ್ಲಿಗೆ ತಂದರೆ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಕೇಳಿದೆ. ಅವನು ಹೇಳಿದ ಮೊತ್ತಕ್ಕೆ ನನ್ನ ಹುಬ್ಬು ಮೇಲೆ ಹೋಯಿತು.

"ಅಣ್ಣಾ, ನಿಮ್ಮ ರೇಟಿಗೆ ನಮ್ಮ ಕೈಲಾಗಲ್ಲ" ಅಂದ.

"ನಂದೇನು ರೇಟು?"

"ಒಂದ್ ಲೋಟ ಟೀ. ಅದೂ ನಿಮ್ಮನೇದೇ!"

ನಕ್ಕೆವು. ಆಮೇಲೆ ಅವನು ಎಲೆಕ್ಟ್ರಿಕ್ ಗಾಡಿಗಳ ಕಥೆಯನ್ನೂ ಹೇಳಿದ. ಆಯಿಲ್ ಬದಲಿಸುವ ಗೋಜಿಲ್ಲ, ಪ್ಲಗ್ ಇಲ್ಲ, ಕ್ಲಚ್ ಇಲ್ಲ. ಟೈರು, ಬ್ರೇಕು ನೋಡಿಕೊಂಡರೆ ಹೆಚ್ಚಿನ ಖರ್ಚು ಮುಗಿಯಿತು. "ಅವು ಬಂದ್ಮೇಲೆ ನಮಗೇ ಕೆಲ್ಸ ಕಮ್ಮಿ ಅಣ್ಣ" ಅಂತ ಗೊಣಗಿದ. ನನಗೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಾಗಲಿಲ್ಲ.

ಮನೆಗೆ ಬಂದು ಗೆರೆಯ ಜಾಗದಲ್ಲಿ ನಿಜವಾದ ಮೊತ್ತ ಹಾಕಿದೆ. ಆರು ವರ್ಷ ಇಳಿದು ನಾಲ್ಕಾಯಿತು. ನಾಲ್ಕನೇ ವರ್ಷ ಎರಡೂ ಸಮ, ಅಲ್ಲಿಂದ ಮುಂದೆ ಉಳಿದದ್ದೆಲ್ಲ ನಿನ್ನದು. ಆದರೆ ಇದು ನಿನ್ನ ಓಡಾಟಕ್ಕೆ ಹಾಕಿದ ಲೆಕ್ಕ. ನಿನ್ನ ಅತ್ತೆಯ ಹಾಗೆ ವಾರಕ್ಕೊಮ್ಮೆ ಮಾರುಕಟ್ಟೆಗೆ ಹೋಗುವವರಿಗೆ ಪೆಟ್ರೋಲೇ ಅಗ್ಗ, ಯಾರಾದರೂ ಕೇಳಿದರೆ ಹಾಗೇ ಹೇಳು. ಇನ್ನೊಂದು, ಕೆಳಗಿನ ಮನೆಯಲ್ಲಿರುವ ನಿನ್ನ ಮನೆ ಮಾಲೀಕರು ಚಾರ್ಜ್ ಮಾಡಲು ಪ್ಲಗ್ ಪಾಯಿಂಟ್ ಕೊಡುತ್ತೇನೆ ಅಂದದ್ದನ್ನು ಬಾಯಿಮಾತಿಗೆ ಬಿಡಬೇಡ, ಬರೆಸಿಕೋ. ದಿನಾ ಹೊರಗೆ ಚಾರ್ಜ್ ಮಾಡಿಸಿದರೆ ಈ ಲೆಕ್ಕವೂ ತಲೆಕೆಳಗಾಗುತ್ತದೆ. ಬ್ಯಾಟರಿಗೆ ಎಷ್ಟು ವರ್ಷದ ಗ್ಯಾರಂಟಿ, ಯಾವ್ಯಾವುದಕ್ಕೆ ಇಲ್ಲ ಅನ್ನುವುದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನಾಚಿಕೆಪಡದೆ ಕೂತು ಓದು.

ಇಷ್ಟಕ್ಕೇ ಕಾಗದ ಮುಗಿಸಬಹುದಿತ್ತು. ಆದರೆ ಲೆಕ್ಕ ತಪ್ಪಿತು ಅಂದದ್ದು ಅರ್ಧ ಸತ್ಯ.

ಹೋದ ತಿಂಗಳು ಶೋರೂಮಿನಲ್ಲಿ ಆ ಕಾರಿನ ಬಾನೆಟ್ ಎತ್ತಿ ನೋಡಿದೆನಲ್ಲ, ಒಳಗೆ ನುಣುಪಾದ ಪ್ಲಾಸ್ಟಿಕ್ ಮುಚ್ಚಳ. ಕೈ ಹಾಕಲು ಜಾಗವೇ ಇರಲಿಲ್ಲ. ನೆಂಟರ ಮನೆಗೆ ಹೋದಾಗ ಯಾರೂ ಕೂರಿ ಅನ್ನದಿದ್ದರೆ ಹೇಗಾಗುತ್ತದೋ ಹಾಗಾಯಿತು. ನೀನು ಒಂಬತ್ತು ವರ್ಷದವಳಿದ್ದಾಗ ಬಾನೆಟ್ಟಿನ ಕೆಳಗೆ ಟಾರ್ಚ್ ಹಿಡಿದು ನಿಲ್ಲುತ್ತಿದ್ದೆ. ಬೆಳಕು ಒಂದು ಕಡೆ ನಿಂತದ್ದೇ ಇಲ್ಲ. ನನ್ನ ಮೂಗಿನ ಮೇಲೆ, ಗೋಡೆಯ ಮೇಲೆ, ಹಲ್ಲಿಯ ಮೇಲೆ. ಅದಕ್ಕೇ ನಿನಗೆ ಈ ಹೆಸರು ಬಂದದ್ದು. "ಮಾವ, ಇದಕ್ಕೆ ಎಲ್ಲಿ ನೋಯ್ತಿದೆ?" ಅಂತ ಎಂಜಿನ್ ತೋರಿಸಿ ಕೇಳುತ್ತಿದ್ದೆ. ಈಗ ಅದೇ ಪ್ರಶ್ನೆ ಕೇಳಿ ಹೊಟ್ಟೆ ಹೊರೆಯುತ್ತೀಯ. ತಿಂಗಳಿಗೊಂದು ಭಾನುವಾರ ಏನಾದರೊಂದು ಸದ್ದು ಹೊತ್ತುಕೊಂಡು ನಿನ್ನ ಕಾರು ಬರುತ್ತಿತ್ತು, ಅದರ ಹಿಂದೆ ನೀನು ಬರುತ್ತಿದ್ದೆ. ಕೆಡದ ಕಾರು ತೆಗೆದುಕೊಂಡರೆ ಇವಳು ಯಾಕೆ ಬರುತ್ತಾಳೆ ಅಂತ ನನಗೆ ಅನ್ನಿಸಿತು. ಗೆರೆ ಎಳೆದ ಕೈಗೆ ಗೊತ್ತಿತ್ತೋ ಇಲ್ಲವೋ, ಎಳೆಸಿದ್ದು ಈ ಭಯವೇ. ನಿನ್ನ ಎಂಟು ತಿಂಗಳ ದುಡಿಮೆಯ ಎದುರಿಗೆ ನನ್ನ ಭಾನುವಾರವನ್ನು ತೂಗಿದೆ, ಅದೂ ನಿನಗೆ ಹೇಳದೆ.

ಶನಿವಾರ ನಿನಗೆ ಬೇಕಾದ ಕಾರಿಗೆ ಮುಂಗಡ ಕಟ್ಟು. ಭಾನುವಾರ ಬಾ, ಬಸ್ಸಿನಲ್ಲಾದರೂ ಸರಿ. ಏನೂ ಕೆಟ್ಟಿರಬೇಕಾಗಿಲ್ಲ. ಮೇಜಿನ ಕಾಲಿನಿಂದ ಆ ಚೆಂಡನ್ನು ತೆಗೆದಿದ್ದೇನೆ. ಮೇಜು ಅಲುಗಾಡುತ್ತಿದೆ, ನಿನ್ನ ಅತ್ತೆ ಬೈಯುತ್ತಿದ್ದಾಳೆ. ಈ ಸಲ ಕೈಯನ್ನು ಜೇಬಿನಲ್ಲಿ ಇಡುವುದಿಲ್ಲ. ಎಲ್ಲಿ ನೋಯುತ್ತಿದೆ ಅಂತ ಕೇಳು, ಹೇಳುತ್ತೇನೆ. ನಿನ್ನ ಫೀಸು ಎಷ್ಟು ಅಂತ ಮೊದಲೇ ತಿಳಿಸು. ಈ ಮನೆಯಲ್ಲಿ ಇನ್ನು ಯಾರ ಕೂಲಿಯ ಮುಂದೆಯೂ ನಾನು ಗೆರೆ ಎಳೆಯುವುದಿಲ್ಲ.

ನಿನ್ನ ದಾರಿ ಸಲೀಸಾಗಿರಲಿ, ನೀನು ಮುಟ್ಟಿದ ಕೈಗಳೆಲ್ಲ ಚೇತರಿಸಿಕೊಳ್ಳಲಿ.

ಬಾಗಿಲ ಕಡೆ ಕಣ್ಣಿಟ್ಟಿರುವ,
ನಿನ್ನ ಮಾವ